ನೆಟ್ಟಗೆ ಏರುವ ವಿಮಾನ, ನೆಟ್ಟಗಿಲ್ಲದ ಲೆಕ್ಕ

2025ನೆಯ ಇಸವಿ ಜೂನ್ 14ರ ರಾತ್ರಿ ತಿರುವನಂತಪುರದ ವಿಮಾನ ನಿಲ್ದಾಣಕ್ಕೆ ಕರೆಯದ ಅತಿಥಿಯೊಂದು ಬಂದಿಳಿಯಿತು. ಬ್ರಿಟನ್ನಿನ 'ಪ್ರಿನ್ಸ್ ಆಫ್ ವೇಲ್ಸ್' ಎಂಬ ವಿಮಾನವಾಹಕ ಹಡಗಿನಿಂದ ಹಾರಿದ್ದ ಎಫ್-35ಬಿ ಯುದ್ಧವಿಮಾನ ಅದು. ಹವೆ ಕೆಟ್ಟು ಹಡಗಿಗೆ ಮರಳಲಾರದೆ ನಮ್ಮ ನೆಲವನ್ನು ಆಶ್ರಯಿಸಿತು. ನಮ್ಮವರು ಜಾಗ ಕೊಟ್ಟರು, ಕಾವಲು ಕೊಟ್ಟರು. ಇನ್ನೇನು ಹೊರಡಬೇಕು ಎಂದು ಪರೀಕ್ಷಿಸುವಾಗ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ದೋಷ ಕಂಡಿತು. ಹಡಗಿನಿಂದ ಬಂದವರ ಕೈಯಲ್ಲಿ ಅದು ಸರಿಹೋಗಲಿಲ್ಲ. ಜುಲೈ 6ರಂದು ಬ್ರಿಟನ್ನಿನಿಂದ ಇಂಜಿನಿಯರುಗಳ ತಂಡವೊಂದು ಬೇರೊಂದು ದೊಡ್ಡ ವಿಮಾನದಲ್ಲಿ ಸಲಕರಣೆ ಹೊತ್ತು ಬರಬೇಕಾಯಿತು. ಜುಲೈ 22ಕ್ಕೆ, ಐದು ವಾರ ಕಳೆದ ಮೇಲೆ, ಅತಿಥಿ ಎದ್ದು ಹೋಯಿತು. ಅಷ್ಟರಲ್ಲಿ ಕೇರಳದ ಪ್ರವಾಸೋದ್ಯಮ ಇಲಾಖೆಯವರು, ನಮ್ಮ ನಾಡಿಗೆ ಬಂದವರಿಗೆ ಬಿಟ್ಟುಹೋಗಲು ಮನಸ್ಸೇ ಬರುವುದಿಲ್ಲ ಎಂದು ಆ ವಿಮಾನದ ಚಿತ್ರ ಹಾಕಿ ತಮಾಷೆ ಮಾಡಿದ್ದೂ ಆಯಿತು.

ನಗು ಮುಗಿದ ಮೇಲೆ ಯೋಚನೆ ಬರಬೇಕು. ಮಳೆಯಲ್ಲಿ ನೆನೆಯುತ್ತ ನಿಂತದ್ದು ಹಳೆಯ ಗುಜರಿ ವಿಮಾನವಲ್ಲ. ಇಂದಿನ ಜಗತ್ತಿನ ಅತಿ ದುಬಾರಿ ಆಯುಧ ಯೋಜನೆಯಿಂದ ಹೊರಬಂದ ವಿಮಾನ. ಅದೇ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆದಾಗ ಈ ಎಫ್-35ರ ವಂಶದ ಸೋದರ ವಿಮಾನವೊಂದು, ನೆಲದ ಮೇಲೆ ಓಡಿ ಏರುವಂಥದು, ಬಂದು ಜನರ ಕಣ್ಣು ತುಂಬಿತ್ತು. ಅದೇ ವಾರ, ಫೆಬ್ರವರಿ 13ರಂದು, ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು ನಮ್ಮ ಪ್ರಧಾನಿಯವರ ಸಮ್ಮುಖದಲ್ಲೇ ಭಾರತಕ್ಕೆ ಎಫ್-35 ಒದಗಿಸುವ ದಾರಿ ತೆರೆಯುವುದಾಗಿ ಸಾರಿದರು. ಔಪಚಾರಿಕ ಮಾತುಕತೆ ನಡೆದಿಲ್ಲವೆಂದು ನಮ್ಮ ಸರಕಾರ ಅದೇ ವರ್ಷ ಲೋಕಸಭೆಗೆ ತಿಳಿಸಿತು. ಒಳ್ಳೆಯದು. ಆದರೆ ಮಾರುವವನು ಒಮ್ಮೆ ಬಾಗಿಲು ತಟ್ಟಿದರೆ ಮತ್ತೊಮ್ಮೆ ತಟ್ಟದೆ ಇರುವುದಿಲ್ಲ. ಆದುದರಿಂದ ನೆಟ್ಟಗೆ ಏರಿ ನೆಟ್ಟಗೆ ಇಳಿಯುವ ಈ ಜಾತಿಯ ವಿಮಾನಗಳ ಪೂರ್ವೋತ್ತರವನ್ನು ಓದುಗರು ಈಗಲೇ ತಿಳಿದುಕೊಳ್ಳುವುದು ಲೇಸು. ಏಕೆಂದರೆ ಈ ಜಾತಿಯ ವಿಮಾನವನ್ನು ಭಾರತ ಒಮ್ಮೆ ಕೊಂಡು, 33 ವರ್ಷ ಬಳಸಿ, ಅದರ ಬೆಲೆಯನ್ನು ಹಣದಲ್ಲೂ ಪ್ರಾಣದಲ್ಲೂ ತೆತ್ತಿದೆ.

ನಮ್ಮ ಮಾತು ಇಷ್ಟೇ. ಯಂತ್ರವೊಂದು ಏನು ಮಾಡಬಲ್ಲದು ಎಂಬುದನ್ನು ಮಾರುವವನು ಕೇಳದೆಯೇ ಹೇಳುತ್ತಾನೆ. ತಿಂಗಳಲ್ಲಿ ಎಷ್ಟು ದಿನ ಮಾಡಬಲ್ಲದು, ಕೆಟ್ಟರೆ ಯಾರ ಕೈಯಿಂದ ರಿಪೇರಿ, ಬಿದ್ದರೆ ಸಾಯುವವರು ಯಾರು ಎಂಬುದನ್ನು ಕೊಳ್ಳುವವನೇ ಕೇಳಬೇಕು. ಗಿರಣಿಯಲ್ಲಿ ದುಡಿಯುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಟೆಗೆ ಇಷ್ಟು ಗಜ ನೇಯುತ್ತದೆ ಎಂದು ಕಾಗದದಲ್ಲಿ ಬರೆದ ಮಗ್ಗ ಪಾಳಿಯ ಅರ್ಧ ಹೊತ್ತು ನಿಂತೇ ಇದ್ದರೆ, ಕಾಗದವನ್ನು ಉಡಲಾಗುವುದಿಲ್ಲ.

ನೆಟ್ಟಗೆ ಏರುವ ಆಸೆ ಏಕೆ?

ವಿಮಾನಕ್ಕೆ ರೆಕ್ಕೆ ಇರುವುದು ಗಾಳಿಯ ಮೇಲೆ ಕೂರಲು. ಗಾಳಿಯ ಮೇಲೆ ಕೂರಬೇಕಾದರೆ ಮುಂದಕ್ಕೆ ಓಡಬೇಕು. ಓಡಬೇಕಾದರೆ ಉದ್ದನೆಯ ಹಾದಿ ಬೇಕು. ಯುದ್ಧವಾದರೆ ಶತ್ರು ಮೊದಲು ಬಾಂಬು ಹಾಕುವುದು ಆ ಹಾದಿಗೇ. ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನ ಸೇನೆಗಳನ್ನು ಕಾಡಿದ ಭಯ ಇದು. ಹಡಗಿನವರಿಗೆ ಇನ್ನೊಂದು ತೊಡಕು. ಜೆಟ್ ವಿಮಾನಗಳು ದೊಡ್ಡದಾಗುತ್ತ ಹೋದಂತೆ ಅವನ್ನು ಹೊರುವ ಹಡಗೂ ದೊಡ್ಡದಾಗಬೇಕು. ಅದು ಸಿರಿವಂತ ದೇಶಕ್ಕೆ ಮಾತ್ರ ಎಟುಕುವ ಮಾತು. ಹಾಗಾಗಿ, ಓಟವೇ ಬೇಡದ ವಿಮಾನ ಬೇಕೆಂದು ಹಲವರು ಹೊರಟರು.

ಫ್ರಾನ್ಸಿನವರು ಎತ್ತಲಿಕ್ಕೆಂದೇ ಎಂಟು ಚಿಕ್ಕ ಇಂಜಿನ್ನುಗಳನ್ನು ಹೊಟ್ಟೆಯಲ್ಲಿಟ್ಟು ಮುನ್ನಡೆಸಲು ಇನ್ನೊಂದನ್ನು ಹಿಂದಿಟ್ಟರು. ಅವರ 'ಬಾಲ್ಜಾಕ್' ಎಂಬ ಪ್ರಯೋಗದ ವಿಮಾನ 1964ರಲ್ಲಿ ಬಿದ್ದು ಚಾಲಕನನ್ನು ಕೊಂದಿತು. ಅದನ್ನೇ ದುರಸ್ತಿ ಮಾಡಿ ಹಾರಿಸಿದರು, 1965ರಲ್ಲಿ ಮತ್ತೆ ಬಿದ್ದು ಮತ್ತೊಬ್ಬ ಚಾಲಕನನ್ನು ಕೊಂದಿತು. ಏರಿದ ಮೇಲೆ ಆ ಎಂಟು ಇಂಜಿನ್ನುಗಳು ಕೆಲಸವಿಲ್ಲದ ಹೊರೆ. ಎಂಟು ಆಳು ಸಂಬಳ ತಿಂದು ಬಾಗಿಲು ತೆರೆಯುವುದಕ್ಕೊಮ್ಮೆ, ಮುಚ್ಚುವುದಕ್ಕೊಮ್ಮೆ ಏಳುವಂತೆ. ಆ ಯೋಜನೆ ಕೈಬಿಟ್ಟುಹೋಯಿತು.

ಬ್ರಿಟನ್ನಿನವರು ಹಿಡಿದದ್ದು ಬೇರೆ ದಾರಿ. ಮೂಲ ಯೋಚನೆ ಮಿಶೆಲ್ ವಿಬೋ ಎಂಬ ಫ್ರೆಂಚ್ ಇಂಜಿನಿಯರನದು. ಅದನ್ನು ತಿದ್ದಿ ಬ್ರಿಸ್ಟಲ್ ಕಾರ್ಖಾನೆ 'ಪೆಗಾಸಸ್' ಇಂಜಿನ್ನನ್ನು ಮಾಡಿತು. ಅದರ ಸುತ್ತ ಹಾಕರ್ ಕಂಪನಿ ವಿಮಾನ ಕಟ್ಟಿತು. ಇಂಜಿನ್ನು ಒಂದೇ, ಆದರೆ ಗಾಳಿ ಹೊರಬೀಳುವ ಮೂತಿಗಳು ನಾಲ್ಕು, ಎಡಕ್ಕೆರಡು ಬಲಕ್ಕೆರಡು. ಮುಂದಿನ ಎರಡರಿಂದ ತಣ್ಣನೆಯ ಗಾಳಿ, ಹಿಂದಿನ ಎರಡರಿಂದ ಸುಡುಗಾಳಿ. ಮೂತಿಗಳನ್ನು ನೆಲದ ಕಡೆ ತಿರುಗಿಸಿದರೆ ವಿಮಾನ ಎದ್ದು ನಿಲ್ಲುತ್ತದೆ, ಹಿಂದಕ್ಕೆ ತಿರುಗಿಸಿದರೆ ಮುಂದೋಡುತ್ತದೆ. 1960ರ ಅಕ್ಟೋಬರ್ 21ರಂದು ಹಗ್ಗ ಕಟ್ಟಿ ಮೊದಲ ಸಲ ಅದನ್ನು ನೆಲದಿಂದ ಎತ್ತಿದರು. 1969ರಲ್ಲಿ 'ಹ್ಯಾರಿಯರ್' ಎಂಬ ಹೆಸರಿನಿಂದ ಅದು ಬ್ರಿಟಿಷ್ ವಾಯುಪಡೆಯನ್ನು ಸೇರಿತು. ಇದು ಮನುಷ್ಯನ ಬುದ್ಧಿಯ ದೊಡ್ಡ ಸಾಧನೆಯೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಕೂಡಿ ಕಳೆಯುವ ಲೆಕ್ಕ

ಆದರೆ ಸಾಧನೆಗೂ ಒಂದು ತಕ್ಕಡಿ ಉಂಟು. ನೌಕಾಪಡೆಗಾಗಿ ಮಾಡಿದ 'ಸೀ ಹ್ಯಾರಿಯರ್' ವಿಮಾನದ ಇಂಜಿನ್ನು ಹೆಚ್ಚೆಂದರೆ ಸುಮಾರು 9,700 ಕಿಲೋ ಭಾರವನ್ನು ಎತ್ತಬಲ್ಲದು. ಪೂರ್ತಿ ಇಂಧನ, ಪೂರ್ತಿ ಆಯುಧ ತುಂಬಿದ ವಿಮಾನದ ತೂಕ ಸುಮಾರು 11,900 ಕಿಲೋ. ಎರಡು ಸಾವಿರ ಕಿಲೋಗೂ ಹೆಚ್ಚು ಕೊರತೆ. ಹಾಗಾದರೆ ಅದು ನೆಟ್ಟಗೆ ಏರುವುದು ಹೇಗೆ? ಏರುವುದಿಲ್ಲ. ಪ್ರದರ್ಶನದ ದಿನ ಹೊರೆ ಇಳಿಸಿ ನೆಟ್ಟಗೆ ಏರುತ್ತದೆ. ಯುದ್ಧದ ದಿನ ಹಡಗಿನ ಮೇಲೆ ಓಡಿ, ಹಡಗಿನ ಮೂತಿಯಲ್ಲಿ ಮೇಲಕ್ಕೆ ಬಾಗಿಸಿ ಕಟ್ಟಿದ ಏರಿನಿಂದ ಚಿಮ್ಮುತ್ತದೆ. ಇಂಧನ ಸುಟ್ಟು ಹಗುರಾಗಿ ಹಿಂದಿರುಗುವಾಗ ಮಾತ್ರ ನೆಟ್ಟಗೆ ಇಳಿಯುತ್ತದೆ. 'ನೆಟ್ಟಗೆ ಏರುವ ವಿಮಾನ' ಎಂಬ ಹೆಸರೇ ಅರ್ಧ ಜಾಹೀರಾತು. ಅಂಗಡಿಕಾರರಿಗೆ ಇದು ಹೊಸತಲ್ಲ. ಡಬ್ಬಿಯ ಮೇಲಿನ ಚಿತ್ರ ಬೇರೆ, ಒಳಗಿನ ಮಾಲು ಬೇರೆ.

ಇಳಿಯುವಾಗಲೂ ಲೆಕ್ಕ ಬಿಗಿ. ಹವೆ ಬಿಸಿಯಾದಷ್ಟೂ ಗಾಳಿ ತೆಳುವಾಗುತ್ತದೆ, ಇಂಜಿನ್ನಿನ ಬಲ ಕುಗ್ಗುತ್ತದೆ. ಅದಕ್ಕಾಗಿ ಸುಮಾರು 225 ಕಿಲೋ ನೀರನ್ನು ಹೊತ್ತೊಯ್ದು, ಇಳಿಯುವ ಹೊತ್ತಿಗೆ ಇಂಜಿನ್ನಿನೊಳಗೆ ಚಿಮುಕಿಸಿ ತಂಪು ಮಾಡಬೇಕು. ಆ ನೀರು ಸಾಕಾಗುವುದು ಒಂದೂವರೆ ನಿಮಿಷದಷ್ಟು ಹೊತ್ತಿಗೆ. ಅಷ್ಟರೊಳಗೆ ಇಳಿಯಬೇಕು. ತೂಕ ಹೆಚ್ಚಿದ್ದರೆ ಬಳಸದೆ ಉಳಿದ ಬಾಂಬನ್ನೋ ಕ್ಷಿಪಣಿಯನ್ನೋ ಕಡಲಿಗೆ ಎಸೆದು ಬರಬೇಕು. ಚಳಿದೇಶದ ಸಮುದ್ರಕ್ಕೆಂದು ಕಟ್ಟಿದ ಯಂತ್ರ ಬೆಚ್ಚನೆಯ ಸಮುದ್ರಕ್ಕೆ ಬಂದರೆ ಹೀಗಾಗುತ್ತದೆ. ಬ್ರಿಟನ್ 2006ರ ಮಾರ್ಚಿನಲ್ಲಿ ತನ್ನ ಸೀ ಹ್ಯಾರಿಯರುಗಳನ್ನು ನಿವೃತ್ತಿಗೊಳಿಸುವಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಬಿಸಿಲು ನಾಡಿನ ಕಡಲಲ್ಲಿ ಅವು ಹೊರೆ ಸಮೇತ ಹಡಗಿಗೆ ಇಳಿಯಲಾರವು ಎಂಬುದು. ಗೋವೆಯ ಬೇಸಿಗೆಯಲ್ಲಿ ಅದೇ ವಿಮಾನವನ್ನು ಹಾರಿಸಿದ ನಮ್ಮ ಚಾಲಕರಿಗೆ ಈ ಪಾಠ ಹೊಸದಾಗಿರಲಾರದು.

ಎಡಗೈಗೆ ಎರಡು ಹಿಡಿಕೆ

ಈಗ ಅಪಾಯದ ಮಾತು. ಗಾಳಿಯಲ್ಲಿ ನಿಶ್ಚಲವಾಗಿ ನಿಂತ ವಿಮಾನಕ್ಕೆ ರೆಕ್ಕೆ ಇದ್ದೂ ಇಲ್ಲದಂತೆ. ಅದರ ಸಮತೋಲ ನಿಲ್ಲುವುದು ಇಂಜಿನ್ನಿನಿಂದ ಕದ್ದ ಗಾಳಿಯನ್ನು ಮೂಗಿನಲ್ಲಿ, ಬಾಲದಲ್ಲಿ, ರೆಕ್ಕೆಯ ತುದಿಗಳಲ್ಲಿ ಸಣ್ಣ ರಂಧ್ರಗಳ ಮೂಲಕ ಊದುವುದರಿಂದ. ಚಾಲಕನ ಎಡಗೈಗೆ ಎರಡು ಹಿಡಿಕೆಗಳು: ಒಂದು ಇಂಜಿನ್ನಿನ ವೇಗಕ್ಕೆ, ಇನ್ನೊಂದು ಮೂತಿ ತಿರುಗಿಸುವುದಕ್ಕೆ. ಎರಡೂ ಅಕ್ಕಪಕ್ಕ. ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಎಳೆದರೆ ಮುಗಿಯಿತು. ಗಾಳಿ ಪಕ್ಕದಿಂದ ಹೊಡೆದು ವಿಮಾನ ಸ್ವಲ್ಪ ಅಡ್ಡ ತಿರುಗಿದರೂ ಬುಗುರಿಯಂತೆ ಮಗುಚಿಕೊಳ್ಳಬಹುದು. ಅದನ್ನು ಗಮನಿಸಲೆಂದು ಚಾಲಕನ ಕಣ್ಣೆದುರು, ಗಾಜಿನ ಮುಂದೆ, ಗಾಳಿಪಟದ ಬಾಲದಂಥ ಒಂದು ಪುಟ್ಟ ಸೂಚಿಯನ್ನೇ ನೆಟ್ಟಿದ್ದರು. ಕೋಟಿಗಟ್ಟಲೆ ಬೆಲೆಯ ವಿಮಾನದಲ್ಲಿ ಚಾಲಕನ ಪ್ರಾಣ ಕಾಯುವ ಕಾವಲುಗಾರ ಒಂದು ತುಂಡು ಲೋಹ.

ಇಂಜಿನ್ನು ಒಂದೇ ಎಂಬುದನ್ನು ಮರೆಯಬಾರದು. ಎತ್ತರದಲ್ಲಿ ವೇಗವಾಗಿ ಹೋಗುವ ವಿಮಾನದ ಇಂಜಿನ್ನು ನಿಂತರೆ ರೆಕ್ಕೆಯ ಮೇಲೆ ತೇಲುತ್ತ ಯೋಚಿಸಲು ಕೊಂಚ ಸಮಯವಿರುತ್ತದೆ. 30 ಮೀಟರ್ ಎತ್ತರದಲ್ಲಿ ನಿಂತ ವಿಮಾನದ ಇಂಜಿನ್ನು ಕೈಕೊಟ್ಟರೆ ನೆಲ ಮುಟ್ಟಲು ಎರಡೂವರೆ ಸೆಕೆಂಡು. ಆಸನ ಸಮೇತ ಹೊರಕ್ಕೆ ಚಿಮ್ಮುವ ಹಗ್ಗವನ್ನು ಎಳೆಯಲೋ ಬೇಡವೋ ಎಂದು ಯೋಚಿಸಿದವನು ಉಳಿಯುವುದಿಲ್ಲ. ಅಲ್ಲದೆ ಕೆಳಕ್ಕೆ ಬಡಿದ ಸುಡುಗಾಳಿ ನೆಲಕ್ಕೆ ತಾಗಿ ಮೇಲೆದ್ದು ಇಂಜಿನ್ನಿನ ಬಾಯಿಗೇ ಬೀಳಬಹುದು. ಆಗ ಇಂಜಿನ್ನಿಗೆ ಉಸಿರು ಕಟ್ಟುತ್ತದೆ.

ಇನ್ನು ಫಿಟ್ಟರುಗಳ ಪಾಡು. ಹ್ಯಾರಿಯರಿನ ಇಂಜಿನ್ನನ್ನು ಹೊರತೆಗೆಯಬೇಕಾದರೆ ಮೊದಲು ರೆಕ್ಕೆಯನ್ನೇ ಪೂರ್ತಿ ಕಳಚಿ ಎತ್ತಬೇಕು. ಮಗ್ಗದ ಮೋಟಾರು ಬದಲಿಸಲು ಗಿರಣಿಯ ಛಾವಣಿ ತೆಗೆದಂತೆ. ಹೀಗಿರುವಾಗ ಒಂದು ವಿಮಾನವನ್ನು ಒಂದು ಗಂಟೆ ಹಾರಿಸಲು ಎಷ್ಟು ಜನ ಎಷ್ಟು ರಾತ್ರಿ ನಿದ್ದೆಗೆಟ್ಟಿರಬೇಕು, ದುರಸ್ತಿ ಕೆಲಸ ಬಲ್ಲವರೇ ಊಹಿಸಲಿ.

ಅಪಘಾತಗಳ ಖಾತೆ

ಹ್ಯಾರಿಯರಿನ ಪರವಾಗಿ ಹೇಳಬೇಕಾದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. 1982ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಕ್ಕೂ ಯುದ್ಧವಾದಾಗ, ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ ಬ್ರಿಟನ್ನಿನ ಹಡಗುಗಳನ್ನು ಕಾಯ್ದದ್ದು 28 ಸೀ ಹ್ಯಾರಿಯರುಗಳು. ಅವು ಆಕಾಶದ ಕಾಳಗದಲ್ಲಿ 20 ಶತ್ರು ವಿಮಾನಗಳನ್ನು ಕೆಡವಿದವು, ಆ ಕಾಳಗದಲ್ಲಿ ಒಂದನ್ನೂ ಕಳೆದುಕೊಳ್ಳಲಿಲ್ಲ. ಆದರೆ ಅದೇ ಯುದ್ಧದ ಇನ್ನೊಂದು ಪುಟವನ್ನೂ ಓದಬೇಕು. ಒಟ್ಟು ಕಳೆದುಕೊಂಡ ಸೀ ಹ್ಯಾರಿಯರುಗಳು ಆರು. ಎರಡು ನೆಲದಿಂದ ಹಾರಿಸಿದ ಆಯುಧಗಳಿಗೆ ಬಲಿಯಾದವು. ಉಳಿದ ನಾಲ್ಕು ಅಪಘಾತಕ್ಕೆ. ಯುದ್ಧದ ನಡುವೆಯೂ ಶತ್ರುವಿಗಿಂತ ಅಪಘಾತವೇ ಹೆಚ್ಚು ತಿಂದಿತು.

ಅಮೆರಿಕದ ಮರೀನ್ ಪಡೆ ಹ್ಯಾರಿಯರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿತು. 2002ರ ಡಿಸೆಂಬರಿನಲ್ಲಿ 'ಲಾಸ್ ಏಂಜಲೀಸ್ ಟೈಮ್ಸ್' ಪತ್ರಿಕೆ ಆ ಪ್ರೀತಿಯ ಖಾತೆಯನ್ನು ಬಿಚ್ಚಿತು. 1971ರಿಂದ ಅಲ್ಲಿಯವರೆಗೆ ಯುದ್ಧವಲ್ಲದ ಹೊತ್ತಿನಲ್ಲಿ 143 ಅಪಘಾತ, 45 ಸಾವು. ಚಾಲಕರ ಬಾಯಲ್ಲಿ ಆ ವಿಮಾನಕ್ಕೆ 'ವಿಧವೆಯರನ್ನು ಮಾಡುವ ಯಂತ್ರ' ಎಂಬ ಅಡ್ಡಹೆಸರೇ ಬಿದ್ದಿತ್ತು. ಈ ಬರಹಮಾಲೆಗೆ 2003ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತು. ಪತ್ರಿಕೆಗೆ ಪ್ರಶಸ್ತಿ ಬಂದದ್ದು ಸಂತೋಷ. ಲೆಕ್ಕ ಹೊರಬೀಳಲು 30 ವರ್ಷ ಹಿಡಿಯಿತಲ್ಲ ಎಂಬುದು ದುಃಖ.

ನಮ್ಮ ಖಾತೆ ಏನು? ಭಾರತದ ನೌಕಾಪಡೆಯ ಮೊದಲ ಸೀ ಹ್ಯಾರಿಯರುಗಳು 1983ರ ಡಿಸೆಂಬರಿನಲ್ಲಿ ಗೋವೆಗೆ ಬಂದವು. ಹಳೆಯ 'ವಿಕ್ರಾಂತ್' ಚಿಕ್ಕ ಹಡಗು. ಅದರ ಸೀ ಹಾಕ್ ವಿಮಾನಗಳು ಮುದಿಯಾಗಿದ್ದವು, ಹೊಸ ಕಾಲದ ಭಾರಿ ಜೆಟ್‌ಗಳನ್ನು ಅದು ಹೊರಲಾರದಾಗಿತ್ತು. ಆ ಹೊತ್ತಿನಲ್ಲಿ ಹ್ಯಾರಿಯರ್ ಬಿಟ್ಟರೆ ಬೇರೆ ಗತಿ ಇರಲಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. 1987ರಲ್ಲಿ, ಫಾಕ್‌ಲ್ಯಾಂಡ್ ಯುದ್ಧದಲ್ಲಿ ದುಡಿದ ಬ್ರಿಟನ್ನಿನ 'ಹರ್ಮೀಸ್' ಹಡಗೇ 'ವಿರಾಟ್' ಎಂಬ ಹೆಸರು ಹೊತ್ತು ನಮ್ಮದಾಯಿತು. ಎಲ್ಲ ಸೇರಿ 30 ವಿಮಾನಗಳನ್ನು ಕೊಂಡೆವು. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಬಿದ್ದುಹೋದವು. ಯಾವ ಯುದ್ಧದಲ್ಲೂ ಅಲ್ಲ, ಬಹುಮಟ್ಟಿಗೆ ದಿನನಿತ್ಯದ ಹಾರಾಟದಲ್ಲಿ. 17 ಅಪಘಾತಗಳಲ್ಲಿ ಏಳು ಮಂದಿ ಚಾಲಕರು ಸತ್ತರು. 2016ರ ಮೇ 11ರಂದು ಗೋವೆಯಲ್ಲಿ ಉಳಿದ ವಿಮಾನಗಳಿಗೆ ಬೀಳ್ಕೊಡುಗೆ ನಡೆಯಿತು. ಭಾಷಣಗಳಾದವು. ವಿಮಾನ ಮೆರೆದದ್ದು ಎಲ್ಲರಿಗೂ ನೆನಪಾಯಿತು. ಆ ಏಳು ಮನೆಗಳ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯುವುದು?

ಬಿಡಿಭಾಗದ ಕತೆಯೂ ಇದರೊಂದಿಗೆ ಸೇರಿದೆ. ಬ್ರಿಟನ್ ತನ್ನ ಸೀ ಹ್ಯಾರಿಯರುಗಳನ್ನು ನಿಲ್ಲಿಸಿದ ವರ್ಷವೇ, ನಮ್ಮ ಕುಗ್ಗಿದ ಪಡೆಯನ್ನು ತುಂಬಿಕೊಳ್ಳಲು ಅವುಗಳಲ್ಲಿ ಎಂಟನ್ನು ಕೊಳ್ಳುವ ಯೋಚನೆ ನಮ್ಮವರಿಗೆ ಬಂದಿತ್ತು. ಕೊಡುತ್ತೇವೆ, ಆದರೆ ರೇಡಾರ್ ಕಳಚಿ ಕೊಡುತ್ತೇವೆ ಎಂಬುದು ಮಾರುವವರ ಷರತ್ತು. ಕಣ್ಣು ಕಿತ್ತ ಎತ್ತನ್ನು ಸಂತೆಯಲ್ಲಿ ಯಾರು ಕೊಂಡಾರು? ದುರಸ್ತಿಯ ಖರ್ಚೂ ಏರಿ ವ್ಯವಹಾರ ಮುರಿಯಿತು. ಬ್ರಿಟನ್ 2010ರಲ್ಲಿ ತನ್ನ ಉಳಿದ ಹ್ಯಾರಿಯರುಗಳನ್ನೂ ನಿಲ್ಲಿಸಿತು. ಮರುವರ್ಷ ಅಮೆರಿಕ ಅವುಗಳಲ್ಲಿ 72ನ್ನು ಕೊಂಡಿತು, ಬಿಡಿಭಾಗಗಳಿಗಾಗಿ. ಕಾರ್ಖಾನೆ ನಿಂತ ಮೇಲೆ ಯಂತ್ರದ ಬದುಕು ಹೀಗೆಯೇ. ಒಂದರ ಹೊಟ್ಟೆ ಬಗೆದು ಇನ್ನೊಂದಕ್ಕೆ ಉಸಿರು.

ಕಾರವಾರದ ಹಡಗಿನ ಹಿಂದಿನ ಜನ್ಮ

ಸೋವಿಯತ್ ದೇಶವೂ ಈ ಆಸೆಗೆ ಬಿದ್ದಿತ್ತು. ಅವರ ಯಾಕ್-38 ವಿಮಾನದಲ್ಲಿ ಮುಖ್ಯ ಇಂಜಿನ್ನಿನ ಜೊತೆಗೆ ಚಾಲಕನ ಬೆನ್ನ ಹಿಂದೆ ಎತ್ತುವ ಇಂಜಿನ್ನು ಎರಡು. ಇಳಿಯುವಾಗ ಅವುಗಳಲ್ಲೊಂದು ನಿಂತರೂ ವಿಮಾನ ಮುಗ್ಗರಿಸುವುದು ನಿಶ್ಚಯ. ಮನುಷ್ಯನ ಕೈ ಅಷ್ಟು ಬೇಗ ಚಲಿಸದೆಂದು, ವಿಮಾನ ವಾಲಿದೊಡನೆ ಚಾಲಕನನ್ನು ತಾನಾಗಿಯೇ ಹೊರಕ್ಕೆ ಎಸೆಯುವ ಆಸನವನ್ನು ಅದರಲ್ಲಿ ಇಟ್ಟರು. ಯಂತ್ರದ ಮೇಲೆ ಯಂತ್ರ ಮಾಡಿದವರಿಗೇ ಇದ್ದ ನಂಬಿಕೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಿಸಿಹವೆಯಲ್ಲಿ ಅದು ಹೊರುವ ಹೊರೆಯೂ ಹೋಗುವ ದೂರವೂ ಅಲ್ಪ. 1991ರ ಹೊತ್ತಿಗೆ ಅದರ ಕಾಲ ಮುಗಿಯಿತು. ಅದರ ಮುಂದಿನ ತಲೆಮಾರಾದ ಯಾಕ್-141 ಅದೇ ವರ್ಷದ ಅಕ್ಟೋಬರಿನಲ್ಲಿ 'ಅಡ್ಮಿರಲ್ ಗೋರ್ಶ್ಕೋವ್' ಎಂಬ ಹಡಗಿನ ಮೇಲೆ ಇಳಿಯುವಾಗ ಬಡಿದು ಬೆಂಕಿ ಹತ್ತಿಕೊಂಡಿತು.

ಆ ಹಡಗು ಇಂದು ಎಲ್ಲಿದೆ? ಅದೇ ನಮ್ಮ 'ವಿಕ್ರಮಾದಿತ್ಯ'. ನೆಟ್ಟಗೆ ಏರುವ ವಿಮಾನಗಳಿಗೆಂದು ಕಟ್ಟಿದ ಆ ಹಡಗಿನ ಮುಂಭಾಗದ ಕ್ಷಿಪಣಿ ಗೂಡುಗಳನ್ನು ಕಿತ್ತು, ಮೂತಿಗೆ ಏರು ಕಟ್ಟಿ, ಹಿಂದೆ ತಂತಿಹಗ್ಗಗಳನ್ನು ಹಾಕಿ, 2013ರ ನವೆಂಬರಿನಲ್ಲಿ ನಮಗೆ ಕೊಟ್ಟರು. ಅದರ ತವರು ಬಂದರು ನಮ್ಮ ಕಾರವಾರ. ಅದರ ಮೇಲೆ ಈಗ ಹಾರುವ ಮಿಗ್-29ಕೆ ವಿಮಾನಗಳು ಓಡಿ ಏರುತ್ತವೆ, ತಂತಿಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ ನಿಲ್ಲುತ್ತವೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ ಹೊಸ 'ವಿಕ್ರಾಂತ್' ಕೂಡ ಅದೇ ರೀತಿಯದು. 2025ರ ಏಪ್ರಿಲಿನಲ್ಲಿ ಸುಮಾರು 63,000 ಕೋಟಿ ರೂಪಾಯಿಗೆ ಒಪ್ಪಂದವಾದ 26 ರಫೇಲ್ ವಿಮಾನಗಳೂ ಓಡಿ ಏರುವ ಜಾತಿಯವೇ. ಅಂದರೆ ಹ್ಯಾರಿಯರಿನಿಂದ ನಮಗೆ ಉಳಿದ ಆಸ್ತಿ, ಅದಕ್ಕಾಗಿ ಕಂಡುಹಿಡಿದ ಹಡಗಿನ ಮೂತಿಯ ಏರು. ನೆಟ್ಟಗೆ ನಿಲ್ಲುವ ಚಮತ್ಕಾರವನ್ನು ನಾವು ಬಿಟ್ಟೆವು.

ಅಪಾಯ ಜಾಗ ಬದಲಿಸಿತು

ಎಫ್-35ಬಿ ಹೊಸದು, ಅದಕ್ಕೆ ಹಳೆಯ ದೂರು ಸಲ್ಲದು ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ಹಳೆಯ ಗಿರಣಿಗಳಲ್ಲಿ ಒಂದೇ ಇಂಜಿನ್ನು ಲೈನ್ ಶಾಫ್ಟನ್ನು ತಿರುಗಿಸಿ ಸಾಲು ಮಗ್ಗಗಳನ್ನು ನಡೆಸುತ್ತಿದ್ದುದನ್ನು ಹಿರಿಯರು ಬಲ್ಲರು. ಈ ವಿಮಾನದಲ್ಲೂ ಹಾಗೆಯೇ. ಹಿಂದಿನ ಇಂಜಿನ್ನಿನಿಂದ ಒಂದು ಶಾಫ್ಟು ಮುಂದೆ ಬಂದು, ಕ್ಲಚ್ಚಿನ ಮೂಲಕ ಚಾಲಕನ ಹಿಂದಿರುವ ದೊಡ್ಡ ಫ್ಯಾನನ್ನು ತಿರುಗಿಸುತ್ತದೆ. ಆ ಶಾಫ್ಟು ಸಾಗಿಸುವ ಶಕ್ತಿ ಸುಮಾರು 29,000 ಅಶ್ವಶಕ್ತಿ. ಹಿಂದಿನ ಮೂತಿ ಕೆಳಕ್ಕೆ ಬಾಗುತ್ತದೆ, ಮುಂದೆ ಫ್ಯಾನು ಊದುತ್ತದೆ, ನಡುವೆ ವಿಮಾನ ತಟ್ಟೆಯಂತೆ ನಿಲ್ಲುತ್ತದೆ. ಎರಡು ಹಿಡಿಕೆಗಳ ಪೀಕಲಾಟವಿಲ್ಲ, ಸಮತೋಲವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಚಾಲಕನ ಕೈಯ ತಪ್ಪಿಗೆ ಹ್ಯಾರಿಯರ್ ಕೊಡುತ್ತಿದ್ದ ಮರಣದಂಡನೆಯನ್ನು ಇದು ಬಹುಮಟ್ಟಿಗೆ ತಪ್ಪಿಸಿದೆ. ಮಾಡಿದವರಿಗೆ ಆ ಕೀರ್ತಿ ಸಲ್ಲಬೇಕು.

ಆದರೆ ಅಪಾಯ ಹೋಗಲಿಲ್ಲ, ಚಾಲಕನ ಕೈಯಿಂದ ಎದ್ದು ಕಾರ್ಖಾನೆಗೂ ಉಗ್ರಾಣಕ್ಕೂ ಹೋಗಿ ಕೂತಿತು. ಫ್ಯಾನಿಗೆ ಜಾಗ ಬೇಕಲ್ಲ? ಓಡಿ ಏರುವ ಸೋದರ ವಿಮಾನ ಸುಮಾರು 8,300 ಕಿಲೋ ಇಂಧನ ಹೊತ್ತರೆ ಇದು ಹೊರುವುದು ಸುಮಾರು 6,000 ಕಿಲೋ. ಹೊಟ್ಟೆಯೊಳಗಿನ ಬಾಂಬೂ ಚಿಕ್ಕದು. 2018ರ ಸೆಪ್ಟೆಂಬರಿನಲ್ಲಿ ಇಂಜಿನ್ನಿನೊಳಗಿನ ಒಂದು ಇಂಧನ ಕೊಳವೆಯ ದೋಷದಿಂದ ಅಮೆರಿಕದಲ್ಲಿ ಒಂದು ಎಫ್-35ಬಿ ಬಿದ್ದಿತು. ಆ ಕೊಳವೆಗಳ ತಪಾಸಣೆಗಾಗಿ ಇಡೀ ವಂಶವನ್ನೇ ನೆಲಕ್ಕಿಳಿಸಬೇಕಾಯಿತು. 2021ರ ನವೆಂಬರಿನಲ್ಲಿ ಬ್ರಿಟನ್ನಿನ ಒಂದು ವಿಮಾನ, ಇಂಜಿನ್ನಿನ ಬಾಯಿಗೆ ಹಾಕಿದ್ದ ಮುಚ್ಚಳ ತೆಗೆಯದೆ ಉಳಿದುದರಿಂದ, ಹಡಗಿನ ತುದಿಯಿಂದ ಮೆಡಿಟರೇನಿಯನ್ ಕಡಲಿಗೆ ಜಾರಿತು. 2022ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಕಾರ್ಖಾನೆಯ ಪಕ್ಕದಲ್ಲೇ ಇನ್ನೂ ಒಪ್ಪಿಸದ ಹೊಸ ವಿಮಾನವೊಂದು ನೆಟ್ಟಗೆ ಇಳಿಯುವಾಗ ಮುಗ್ಗರಿಸಿತು. ಇಂಜಿನ್ನಿನ ಅದುರುವಿಕೆಯ ದೋಷವೆಂದು ಕೆಲಕಾಲ ಇಂಜಿನ್ನುಗಳ ಸರಬರಾಜೇ ನಿಂತಿತು. 2023ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕರೋಲಿನದಲ್ಲಿ ಚಾಲಕ ಹೊರಕ್ಕೆ ಚಿಮ್ಮಿದ ಮೇಲೂ ವಿಮಾನ ಒಂಟಿಯಾಗಿ 11 ನಿಮಿಷ ಹಾರಿಹೋಯಿತು. ನಮ್ಮ ವಿಮಾನ ಕಂಡಿರಾ ಎಂದು ಸೇನೆ ಸಾರ್ವಜನಿಕರನ್ನು ಕೇಳಿತು. ದನ ತಪ್ಪಿಸಿಕೊಂಡವನು ಊರೂರು ವಿಚಾರಿಸಿದಂತೆ.

ಇವು ಬಿಡಿ ಘಟನೆಗಳು ಎನ್ನಬಹುದು. ಹಾಗಾದರೆ ಸರಾಸರಿಯನ್ನೇ ನೋಡೋಣ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2023ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಆ ವರ್ಷದ ಮಾರ್ಚಿನಲ್ಲಿ ಎಫ್-35 ವಂಶದ ವಿಮಾನಗಳು ಕೆಲಸಕ್ಕೆ ಸಿದ್ಧವಿದ್ದ ಪ್ರಮಾಣ ನೂರಕ್ಕೆ ಸುಮಾರು 55. ದುರಸ್ತಿಗೆ ಕಾದಿದ್ದ ಬಿಡಿಭಾಗಗಳು 10,000ಕ್ಕೂ ಹೆಚ್ಚು. ಅದಕ್ಕಿಂತಲೂ ಮುಖ್ಯವಾದ ಮಾತು: ದುರಸ್ತಿಗೆ ಬೇಕಾದ ತಾಂತ್ರಿಕ ವಿವರಗಳು ಸೇನೆಯ ಕೈಯಲ್ಲಿ ಸಾಕಷ್ಟಿಲ್ಲ, ಕಂಪನಿಗಳ ಮೇಲೆ ಅತಿಯಾಗಿ ಆತುಕೊಳ್ಳಬೇಕಾಗಿದೆ. 2024ರ ಏಪ್ರಿಲಿನಲ್ಲಿ ಅದೇ ಕಚೇರಿ, ಇಡೀ ಯೋಜನೆಯ ಆಯುಷ್ಯದ ಖರ್ಚು ಎರಡು ಲಕ್ಷ ಕೋಟಿ ಡಾಲರನ್ನು ಮೀರುವುದೆಂದು ಹೇಳಿತು. ಅದರಲ್ಲಿ ಬಹುಪಾಲು ಕೊಳ್ಳುವ ಖರ್ಚಲ್ಲ, ಸಾಕುವ ಖರ್ಚು. ಆನೆಯ ಬೆಲೆಯಲ್ಲ, ಮೇವಿನ ಬೆಲೆ.

ಹಣ ಕೊಟ್ಟು ಮಾಡಿಸಿದ ಅಮೆರಿಕದ ಸೇನೆಗೇ ನಕ್ಷೆ ಸಿಗದ ಮೇಲೆ ಕೊಂಡವರಿಗೆ ಸಿಕ್ಕೀತೇ? ತಿರುವನಂತಪುರದಲ್ಲಿ ನಿಂತ ವಿಮಾನದ ಸುತ್ತ ಈ ದೇಶದಲ್ಲಿ ಕೈಚಳಕವಿರುವ ಫಿಟ್ಟರುಗಳಿಗೆ ಬರವಿರಲಿಲ್ಲ. ಅದನ್ನು ಬಿಚ್ಚುವ ಅಧಿಕಾರ, ಬಿಚ್ಚಿದರೆ ತಿಳಿಯುವ ನಕ್ಷೆ, ಹಾಕಲು ಬೇಕಾದ ಭಾಗ, ಇವು ಮೂರೂ ಸಮುದ್ರದಾಚೆ ಇದ್ದವು. ಅತಿಥಿಯ ವಿಮಾನಕ್ಕೆ ಹಾಗಾದರೆ ನಗಬಹುದು. ನಾಳೆ ನಮ್ಮದೇ ಹಣದ ವಿಮಾನ ನಮ್ಮದೇ ನೆಲದಲ್ಲಿ ಐದು ವಾರ ಹಾಗೆ ನಿಂತರೆ?

ನಾವು ಕೇಳಬೇಕಾದುದು

ಓಡಿ ಏರುವ ವಿಮಾನಗಳೆಲ್ಲ ಕೆಡುವುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಮೇಲೆ ಹೇಳಿದ ಮಿಗ್-29ಕೆ ವಿಮಾನಗಳಲ್ಲೇ, 2010ರಲ್ಲಿ ಸೇವೆಗೆ ಬಂದ ಮೇಲೆ ವಿನ್ಯಾಸದ ದೋಷಗಳಿಂದಾಗಿ 40 ಇಂಜಿನ್ನುಗಳನ್ನು ಹಿಂತೆಗೆಯಬೇಕಾಯಿತೆಂದು ನಮ್ಮ ಮಹಾಲೇಖಪಾಲರು 2016ರಲ್ಲಿ ಬರೆದರು. ಆ ವರದಿ ಹೊರಬಂದುದರಿಂದ ನಮಗೆ ತಿಳಿಯಿತು. ತಿಳಿದುದರಿಂದ ದೇಶಕ್ಕೆ ಕೇಡಾಗಲಿಲ್ಲ, ಪ್ರಶ್ನೆ ಕೇಳಲು ದಾರಿಯಾಯಿತು. ಶತ್ರುವಿಗೆ ತಿಳಿಯುತ್ತದೆ ಎಂದು ಅಪಘಾತದ ಕಾರಣಗಳನ್ನು ಮುಚ್ಚಿಡುವ ವಾದ ಹಳೆಯದು. ಮುಚ್ಚಿಟ್ಟದ್ದು ಶತ್ರುವಿಗೆ ತಿಳಿದೇ ಇರುತ್ತದೆ. ತಿಳಿಯದೆ ಉಳಿಯುವುದು ಮುಂದಿನ ಸಲ ಆ ಆಸನದಲ್ಲಿ ಕೂರುವ ಹುಡುಗನ ತಂದೆತಾಯಿಗೆ.

ದೇಶದ ರಕ್ಷಣೆಗೆ ಒಳ್ಳೆಯ ಆಯುಧ ಬೇಡವೆನ್ನುವ ಮೂರ್ಖತನ ನಮ್ಮದಲ್ಲ. ಆದರೆ ಯಾವುದೇ ಸರಕಾರ ಇಂಥ ವಿಮಾನಕ್ಕೆ ಸಹಿ ಹಾಕುವ ಮುನ್ನ ನಾಲ್ಕು ಮಾತುಗಳಿಗೆ ಸಂಸತ್ತಿನಲ್ಲಿ ಉತ್ತರ ಕೊಡಲಿ. ಒಂದು: ಮಾರುವವರ ಸ್ವಂತ ಸೇನೆಯಲ್ಲಿ ಆ ವಿಮಾನ ನೂರಕ್ಕೆ ಎಷ್ಟು ದಿನ ಸಿದ್ಧವಿರುತ್ತದೆ? ಎರಡು: ನಮ್ಮ ಮೇ ತಿಂಗಳ ಬಿಸಿಲಿನಲ್ಲಿ, ನಮ್ಮ ಕಡಲ ಮೇಲೆ, ಪೂರ್ತಿ ಹೊರೆಯೊಂದಿಗೆ ಅದನ್ನು ಪರೀಕ್ಷಿಸಿದವರು ಯಾರು, ಫಲವೇನು? ಮೂರು: ದುರಸ್ತಿಯ ನಕ್ಷೆಯೂ ಹಕ್ಕೂ ನಮ್ಮ ಕಾರ್ಖಾನೆಯ ಕೆಲಸಗಾರರ ಕೈಗೆ ಬರುತ್ತದೆಯೇ, ಇಲ್ಲ ಪ್ರತಿ ಮೊಳೆಗೂ ಸಮುದ್ರ ದಾಟಬೇಕೇ? ನಾಲ್ಕು: ಕೊಳ್ಳುವ ಬೆಲೆಯ ಜೊತೆಗೆ 30 ವರ್ಷ ಸಾಕುವ ಬೆಲೆ ಎಷ್ಟು? ಇವುಗಳ ಜೊತೆಗೆ, ನಮ್ಮ ಸೀ ಹ್ಯಾರಿಯರುಗಳ 17 ಅಪಘಾತಗಳಿಂದ ಕಲಿತದ್ದೇನೆಂಬ ಒಂದು ವರದಿಯನ್ನು ಈಗಲಾದರೂ ಜನರ ಮುಂದೆ ಇಡಲಿ. ಆ ವಿಮಾನಗಳೆಲ್ಲ ನಿವೃತ್ತವಾಗಿವೆ, ಇನ್ನು ಗುಟ್ಟು ಯಾವುದು?

ಚಿಕ್ಕ ಅಂಗಡಿಯವನು ಒಂದು ತಕ್ಕಡಿ ಕೊಳ್ಳುವಾಗ ಕೇಳುವ ಪ್ರಶ್ನೆಗಳು ಇವು. ಕಿರ್ದಿಯಲ್ಲಿ ಬರೆದದ್ದು ಖತಾವಣಿಯಲ್ಲಿ ಸರಿಹೋಗಬೇಕೆಂದು ಅವನು ರಾತ್ರಿ ಕೂತು ತಾಳೆ ನೋಡುತ್ತಾನೆ. ಸಾವಿರಾರು ಕೋಟಿಯ ಯಂತ್ರಕ್ಕೆ, ಅದರೊಳಗೆ ಕೂರುವ ಪ್ರಾಣಕ್ಕೆ, ಅಷ್ಟು ಎಚ್ಚರವಾದರೂ ಸಲ್ಲಬೇಡವೇ? ನಮ್ಮ ಕ್ಷೇತ್ರದ ಲೋಕಸಭಾ ಸದಸ್ಯರು ಯಾವ ಪಕ್ಷದವರೇ ಆಗಿರಲಿ, ಮುಂದಿನ ಅಧಿವೇಶನದಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಬರೆದು ಕೊಡಬೇಕೆಂದು ಓದುಗರು ಅವರಿಗೆ ಒಂದು ಕಾಗದ ಹಾಕಲಿ. ಬಂದ ಉತ್ತರವನ್ನು ನಮ್ಮ ಕಚೇರಿಗೆ ಕಳಿಸಿದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಅಚ್ಚು ಹಾಕುತ್ತೇವೆ.